ಅಳಿಸಿಹೋದ ಬಲರೆಕ್ಕೆ

ನನ್ನ ಸೋದರಮಾವ ಎಲಿಯೊದೋರೊ ಮೋಸಗಾರ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಒಳಗೊಳಗೇ ಹಾಗೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಅಪ್ಪ ಇಲ್ಲದ ನನ್ನನ್ನು ಸಾಕಿ ಬೆಳೆಸಿದವರ ಮುಖಕ್ಕೆ ಹೇಗೆ ಹೇಳಲಿ?

ಮಾವ ಹರೆಯದಲ್ಲಿ ಚಿಟ್ಟೆ ಹಿಡಿದು, ಚಿಟ್ಟೆ ಕೂಡಿಡುವ ಬೊಗೋಟಾದ ಶೋಕಿದಾರರಿಗೆ ಮಾರುತ್ತಿದ್ದರು. ಹಿಡಿಯುವಾಗ ರೆಕ್ಕೆಯ ಕಪ್ಪಂಚು ಮುಕ್ಕಾದರೆ ಅಲ್ಲಿಗಿಷ್ಟು ಮಸಿ ತಾಗಿಸುವುದು ಆ ಕಸುಬಿನವರ ರೂಢಿ. ಹರಿದ ಅಂಗಿಗೆ ತೇಪೆ ಹಾಕಿದ ಹಾಗೆ. ಅದನ್ನು ಮೋಸ ಎಂದು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ನಮ್ಮೂರಿನ ಕೆಳಗೆ ಬಯಲು, ಮೇಲೆ ಬೆಟ್ಟ. ಬಯಲಿನ ಚಿಟ್ಟೆಗೆ ಕಪ್ಪು ರೆಕ್ಕೆಯ ಮೇಲೆ ಕೆಂಪು ಪಟ್ಟೆ, ಬೆಟ್ಟದ್ದಕ್ಕೆ ಹಳದಿ ಪಟ್ಟೆ. ಬೇರೆ ಬೇರೆ ಜಾತಿ. ಒಂದನ್ನು ಕಂಡರೆ ಇನ್ನೊಂದು ಮೂಸಿಯೂ ನೋಡುವುದಿಲ್ಲ. ಒಂದು ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಮಾವನ ಬಲೆಗೆ ಒಂದು ಬಿತ್ತು. ಅದಕ್ಕೆ ಎರಡೂ ಪಟ್ಟೆ, ಪಕ್ಕಪಕ್ಕದಲ್ಲೇ. ಮಾವ ಹಿಗ್ಗಿ ಹೀರೇಕಾಯಿಯಾದರು. ಬಲರೆಕ್ಕೆಯ ಅಂಚು ಚೂರು ಸವೆದಿತ್ತು. ಕೈ ಸುಮ್ಮನಿರಬೇಕಲ್ಲ, ಅಭ್ಯಾಸಬಲದಿಂದ ಮಸಿ ತಾಗಿಸಿಬಿಟ್ಟರು.

ಬೊಗೋಟಾದ ಗಿರಾಕಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಆ ಅಂಚನ್ನು ಒರೆಸಿದ. ಮಸಿ ಇಳಿಯಿತು. ಸಿಟ್ಟು ನೆತ್ತಿಗೇರಿ ಇಡೀ ಬಲರೆಕ್ಕೆಯನ್ನೇ ಉಜ್ಜಿದ. ಹಾಗೆ ಉಜ್ಜಿದರೆ ಯಾವ ಚಿಟ್ಟೆಯ ಬಣ್ಣ ಉಳಿದೀತು? ರೆಕ್ಕೆ ಬೋಳಾಯಿತು. 'ಬಣ್ಣ ಬಳಿದು ಮಾರುವ ಕಳ್ಳ' ಎಂದು ಎಲ್ಲ ಗಿರಾಕಿಗಳಿಗೂ ಕಾಗದ ಹೋಯಿತು. ಮಾವ ಮತ್ತೆ ಬಲೆ ಮುಟ್ಟಲಿಲ್ಲ. ಮೈಯಲ್ಲಿ ಕಸುವಿರುವವರೆಗೆ, ನಲವತ್ತು ವರ್ಷ, ಬಾಳೆಗೊನೆ ಹೊತ್ತರು. ಗಿರಾಕಿ ವಾಪಸು ಕಳಿಸಿದ, ಒಂದೇ ರೆಕ್ಕೆಯಲ್ಲಿ ಬಣ್ಣ ಉಳಿದ ಆ ಚಿಟ್ಟೆ ಗಾಜಿನ ಪೆಟ್ಟಿಗೆಯೊಳಗೆ ಅವರ ಮಂಚದ ಮೇಲುಗಡೆ ತೂಗುತ್ತಿತ್ತು.

ಹೋದ ವರ್ಷ ಡಾಕ್ಟರಮ್ಮ ಬಂದರು. ಹೆಸರು ಲಿಹಿಯಾ. ವಿಶ್ವವಿದ್ಯಾಲಯದವರು, ಬೇರೆ ಬೇರೆ ಜಾತಿಯ ಚಿಟ್ಟೆಗಳು ಕೂಡಿದರೆ ಮರಿಗಳಿಗೆ ಯಾವ ಗುಣ ಯಾರಿಂದ ಬರುತ್ತದೆ ಎಂದು ನೋಡುವವರು. ನಮ್ಮ ಹಿತ್ತಿಲಲ್ಲಿ ಬಲೆಯ ಮನೆ ಕಟ್ಟಿಸಿ ನನ್ನನ್ನು ಕೆಲಸಕ್ಕಿಟ್ಟುಕೊಂಡರು. ಮಾವ ಮೊದಲ ದಿನವೇ ಪೆಟ್ಟಿಗೆ ಹಿಡಿದುಕೊಂಡು ಹಾಜರು.

"ತೆಗೆದುಕೊಡಿ, ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡ್ತೀನಿ" ಎಂದರು ಡಾಕ್ಟರಮ್ಮ.

"ಮುಟ್ಟಿಸಲ್ಲ. ನೋಡ್ತೀನಿ ಅಂದವ್ರಿಗೆ ಒಂದು ರೆಕ್ಕೆ ಕೊಟ್ಟಾಗಿದೆ. ನೀವು ಅಂಥದ್ದನ್ನ ಹುಟ್ಟಿಸಿ ತೋರ್ಸಿ."

"ಗಾಜಿನ ಮೇಲಿಂದ ಏನ್ ಹೇಳ್ಲಿ, ಎಲಿಯೊದೋರೊ ಅವ್ರೇ? ನಿಜ ಇದ್ರೂ ಇರಬಹುದು."

"ಇದ್ರೂ ಇರಬಹುದು ಅಂತ ನನ್ನ ಗೋರಿ ಮೇಲೆ ಕೆತ್ತಿಸ್ಲಾ? ಎಂಬತ್ತೊಂದಾಯ್ತು ನಂಗೆ. ಕಳ್ಳ ಅಂತ ಅನ್ನಿಸ್ಕೊಂಡು ಸಾಯೋಕೆ ನಂಗಿಷ್ಟ ಇಲ್ಲ."

ನನಗೆ ನಾಚಿಕೆಯಾಯಿತು; ಅವರಿಗಾಗಿಯೋ ನನಗಾಗಿಯೋ ತಿಳಿಯಲಿಲ್ಲ.

ಕೆಂಪು ಗಂಡನ್ನೂ ಹಳದಿ ಹೆಣ್ಣನ್ನೂ ಒಂದೇ ಬಲೆಯೊಳಗೆ ಬಿಟ್ಟೆವು. ಹದಿನಾರು ದಿನ ಒಂದರ ಮುಖ ಒಂದು ನೋಡಲಿಲ್ಲ. ಹದಿನೇಳನೆಯ ದಿನ ಅದೇನು ಬುದ್ಧಿ ಬಂತೋ, ಕೂಡಿದವು. ಪ್ಯಾಶನ್ ಹಣ್ಣಿನ ಬಳ್ಳಿಯ ಕುಡಿಯಲ್ಲಿ ಹಳದಿ ಮೊಟ್ಟೆಗಳು. ಮೇಜಿನ ಕಾಲುಗಳಿಗೆ ಗ್ರೀಸು ಬಳಿದು ಇರುವೆ ಹತ್ತದಂತೆ ಕಾದೆ, ಹುಳಗಳಿಗೆ ಎಳೆ ಎಲೆ ತಂದು ಹಾಕಿದೆ. ನನ್ನ ಸ್ವಂತ ಮಕ್ಕಳಿಗೂ ಇಷ್ಟು ಮಾಡಿದವಳಲ್ಲ.

ತಿಂಗಳ ಮೇಲೆ ಮರಿಗಳು ಹಾರಿದವು. ಮಾವ ಇಣುಕಿದರು. ಪಟ್ಟೆ ಮಾಸಲು ಕೆಂಪು, ಅದರೊಳಗೆ ಹಳದಿ ಹೊಗೆಯಂತೆ ಕಲಸಿಕೊಂಡಿತ್ತು. ಪೆಟ್ಟಿಗೆಯ ಚಿಟ್ಟೆಯನ್ನು ಅದು ಯಾವ ಕಡೆಯಿಂದಲೂ ಹೋಲುತ್ತಿರಲಿಲ್ಲ. ಮಾವ ಹೋಗಿ ಮಲಗಿದರು. ಎರಡು ದಿನ ಅರೆಪಾ ರೊಟ್ಟಿ ಮುಟ್ಟಲಿಲ್ಲ. ಸುಳ್ಳು ಹೊರಬಿತ್ತು, ಪಾಪ, ಎಂದುಕೊಂಡೆ ನಾನು ಪಾಪಿ.

"ಇನ್ನೂ ಮುಗ್ದಿಲ್ಲ ಕಣಮ್ಮಾ ಎದೆಲ್ಮೀರಾ" ಎಂದರು ಡಾಕ್ಟರಮ್ಮ. "ಕೆಂಪಿಗೆ ಅಪ್ಪನ ಕಡೆಯಿಂದ ಒಂದು ಇಸ್ಪೀಟೆಲೆ, ಹಳದಿಗೆ ಅಮ್ಮನ ಕಡೆಯಿಂದ ಒಂದು ಎಲೆ. ಇದು ಮೊದಲನೇ ಆಟ. ಇಸ್ಪೀಟು ಇನ್ನೊಂದ್ಸಲ ಕಲಸಿ ಹಂಚಬೇಕು."

ಆದರೆ ಆ ಬೆರಕೆಯ ಹೆಣ್ಣುಗಳೆಲ್ಲ ಬಂಜೆ. ಇಟ್ಟ ಮೊಟ್ಟೆ ಒಂದೂ ಒಡೆಯಲಿಲ್ಲ. ದೂರದ ರಕ್ತ ಕೂಡಿದಾಗ ಈ ಜಾತಿಗಳಲ್ಲಿ ಮೊದಲು ಸೋಲುವುದು ಹೆಣ್ಣೇ ಅಂತೆ. ಉಳಿದದ್ದು ಮೂರು ಗಂಡು. ಒಂದನ್ನು ಹಲ್ಲಿ ತಿಂದಿತು, ಇನ್ನೊಂದು ಬಲೆಗೆ ಸಿಕ್ಕಿ ರೆಕ್ಕೆ ಹರಿದುಕೊಂಡಿತು. ಮೂರನೆಯದನ್ನು ಹಳದಿ ಹೆಣ್ಣಿನ ಜೊತೆ ಬಿಟ್ಟು ಮಾವ ಸ್ಟೂಲು ಹಾಕಿ ಕಾವಲು ಕೂತರು.

"ಏಳಿ ಮಾವ, ನೀವು ಹಿಂಗೆ ಗುರಾಯಿಸ್ತಿದ್ರೆ ಅದಕ್ಕಾದ್ರೂ ನಾಚ್ಕೆ ಆಗಲ್ವಾ?"

"ಅದರ ನಾಚ್ಕೆ ಅದಕ್ಕಿರ್ಲಿ. ನೀನು ಹೋಗಿ ಕಾಫಿ ಮಾಡು."

ಕೂಡಿದವು. ಏಳು ಗೂಡು ಉಳಿದವು. ಮೊದಲ ನಾಲ್ಕು ಬರಿ ಹಳದಿ. ಐದನೆಯದು ಮತ್ತೆ ಆ ಮಾಸಲು ಮುಖ. ಆರನೆಯದು ಗೂಡಿನೊಳಗೇ ಸತ್ತಿತ್ತು. ಮಾವನ ಗದ್ದ ಎದೆಗೆ ಇಳಿಯುತ್ತಾ ಬಂತು.

ಏಳನೆಯದು ಭಾನುವಾರ ಬೆಳಿಗ್ಗೆ ಒಡೆಯಿತು. ಒದ್ದೆ ಬಟ್ಟೆಯ ಮುದ್ದೆಯ ಹಾಗೆ ಏನೋ ಹೊರಬಂದು ಖಾಲಿ ಗೂಡಿಗೆ ಜೋತುಬಿದ್ದಿತು. ಮಾವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿದ್ದರು. ರೆಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಚ್ಚಿಕೊಂಡಿತು. ಮೊದಲು ಹಳದಿ ಕಂಡಿತು. ನಾನು ಉಸಿರುಬಿಟ್ಟು ಎದ್ದೆ. ಮಾವ ನನ್ನ ಸೆರಗಿನಂತೆ ಇಳಿಬಿದ್ದ ಏಪ್ರನ್ನಿನ ತುದಿ ಹಿಡಿದು ಕೂರಿಸಿದರು. ಹಳದಿಯ ಪಕ್ಕದ ಒಂದು ಮಡಿಕೆ ಬಿಚ್ಚಿತು. ಕೆಂಪು.

ಮಾಸಲಲ್ಲ, ಕಲಸಿದ್ದಲ್ಲ. ಹಳದಿ ಹಳದಿಯಾಗಿ, ಕೆಂಪು ಕೆಂಪಾಗಿ, ನಡುವೆ ಗೆರೆ ಎಳೆದಂತೆ. ಬಯಲಿನದೊಂದು ಅಕ್ಷರ, ಬೆಟ್ಟದ್ದೊಂದು ಅಕ್ಷರ. ಯಾರೂ ಕೂತು ಬರೆದಿಲ್ಲ, ಯಾರೂ ಬಳಿದಿಲ್ಲ. ಸಾಸಿವೆಗಿಂತ ಚಿಕ್ಕದೊಂದು ಮೊಟ್ಟೆಯೊಳಗೆ ಅವು ಒಂದನ್ನೊಂದು ಹುಡುಕಿಕೊಂಡು ಪಕ್ಕದಲ್ಲಿ ಕೂತಿದ್ದವು. ಅರವತ್ತು ವರ್ಷದ ಹಿಂದೆ ಹೊಳೆದಂಡೆಯಲ್ಲಿ, ಯಾರ ಬಲೆಮನೆಯೂ ಇಲ್ಲದೆ, ಇದೆಲ್ಲ ತಾನಾಗಿಯೇ ನಡೆದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಾವ ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ಹಿಡಿದರು. ಎಡರೆಕ್ಕೆಗೆ ಎಡರೆಕ್ಕೆ, ಅಚ್ಚೊತ್ತಿದ ಹಾಗೆ. ಆಮೇಲೆ ಅವರು ಎಡರೆಕ್ಕೆಯನ್ನು ಬಿಟ್ಟು ಹೊಸ ಚಿಟ್ಟೆಯ ಬಲರೆಕ್ಕೆಯನ್ನೇ ನೋಡುತ್ತಾ ಕೂತರು.

"ಹಿಂಗಿತ್ತು" ಎಂದರು. "ಆ ಕಡೆದೂ ಹಿಂಗೇ ಇತ್ತು. ನಂಗೇ ಮರೆತುಹೋಗಿತ್ತು."

ಡಾಕ್ಟರಮ್ಮ ಎದ್ದು ನಿಂತರು. "ಕ್ಷಮಿಸಿ ಎಲಿಯೊದೋರೊ ಅವ್ರೇ. ನಿಮ್ಮ ಮಾತು ನಿಜ" ಎಂದರು. ಮಾವ ದೊಡ್ಡ ಮನುಷ್ಯರಂತೆ ತಲೆಯಾಡಿಸಿದರು.

ಡಾಕ್ಟರಮ್ಮ ಕ್ಯಾಮೆರಾ ತರಲು ಒಳಗೆ ಹೋದರು. ನನಗೆ ತಡೆಯಲಾಗಲಿಲ್ಲ. "ಮಾವ, ನಾನೂ ನಂಬಿರ್ಲಿಲ್ಲ. ಇಷ್ಟು ವರ್ಷ ನಿಮ್ಮ ಮನೇಲೇ ಇದ್ಕೊಂಡು" ಎಂದೆ.

ಮಾವ ಚಿಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿತ್ತು ಕಣೇ. ನೀನು ನಂಬಿದ್ದಿದ್ರೆ, ನಿಜ ಆಗ್ಲಿ ಅಂತ ಇರುವೆ ಕಾಯ್ಕೊಂಡು ಆರು ತಿಂಗಳು ಯಾಕೆ ಒದ್ದಾಡ್ತಿದ್ದೆ?"