ಕಾಲು ನೋಡುವವರು

ನಾನು ಒಂದು ಕತ್ತೆ. ನಗುವವರು ಈಗಲೇ ನಕ್ಕು ಮುಗಿಸಿ.

ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಉಸುಕಿನ ರಾಶಿಯ ಮಗ್ಗುಲಲ್ಲಿ. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವ್ವನ ನಾಲ್ಕು ಕಾಲು. ನಾನು ಹಾಲು ಬಿಡುವ ಹೊತ್ತಿಗೆ ಅವಳು ಕುಂಟತೊಡಗಿದಳು. ಯಾರೋ ಒಬ್ಬ ಬಂದ, ಬಗ್ಗಿ ಅವಳ ಕಾಲು ನೋಡಿದ, ಮರುದಿನ ಸಂತೆಗೆ ಹೊಡೆದುಕೊಂಡು ಹೋದ. ಅವ್ವ ಮತ್ತೆ ಬರಲಿಲ್ಲ. ಕಾಲು ನೋಡುವವರನ್ನು ನಂಬಬಾರದೆಂದು ಅಂದೇ ತಿಳಿದುಕೊಂಡೆ.

ನನ್ನನ್ನು ಕೊಂಡವನು ಹುಲಗಪ್ಪ. ಲಾರಿ ಹೋಗದ ಹಳೆ ಓಣಿಗಳಲ್ಲಿ ಮನೆ ಕಟ್ಟುವವರಿಗೆ ಉಸುಕು ಸಾಗಿಸುವುದು ನಮ್ಮಿಬ್ಬರ ಕೆಲಸ. ಅವನು ಹೊಡೆಯುವವನಲ್ಲ, ಬೈಯುವವನು. ಆದರೂ ಅವನ ಮೇಲೊಂದು ಕಣ್ಣಿಟ್ಟೇ ಇದ್ದೆ. ಒಂದು ಬೇಸಿಗೆಯಲ್ಲಿ ನನ್ನ ಹಿಂದಿನ ಎಡಗೊರಸಿಗೆ ಕಲ್ಲು ಚುಚ್ಚಿ ಒಳಗೇ ಕೀವು ಕಟ್ಟಿತು. ಯಾರಾದರೂ ನೋಡುತ್ತಿದ್ದರೆ ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತಿದ್ದೆ. ಕುಂಟುವುದು ಯಾರ ಕಣ್ಣೂ ಇಲ್ಲದಾಗ ಮಾತ್ರ.

ಅಷ್ಟರಲ್ಲಿ ತಬಸ್ಸುಮ್ ಬಂದಳು. ಪಶುವೈದ್ಯಕೀಯ ಕಾಲೇಜಿನಲ್ಲಿ ಎಂ.ವಿ.ಎಸ್ಸಿ. ಓದುವ ಹುಡುಗಿ. ದುಡಿಯುವ ಕತ್ತೆಗಳ ನಡವಳಿಕೆ ಮತ್ತು ಕ್ಷೇಮ ಅವಳ ಸಂಶೋಧನೆಯ ವಿಷಯವಂತೆ. ಕತ್ತೆಯ ಕ್ಷೇಮ ವಿಚಾರಿಸಲು ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ? ದಿನವಿಡೀ ಎದುರಿಗೆ ಕೂತು ನೋಡುತ್ತಿದ್ದಳು, ಅದರಲ್ಲೂ ಕಾಲುಗಳನ್ನು.

"ಅಕ್ಕಾರ, ಎಷ್ಟ ನೋಡಿದ್ರೂ ಅದು ಕತ್ತೀನರಿ," ಎಂದ ಹುಲಗಪ್ಪ.

ಅವಳು ನಕ್ಕಳು. ಆಮೇಲೆ ಫೋನಿನಲ್ಲಿ ತನ್ನ ಗೈಡಿಗೆ ಹೇಳಿದಳು: "ಸರ್, ಭಾಳ ಶಾಂತ ಐತ್ರಿ. ನೋವೇನೂ ಕಾಣವಲ್ದು. ಈ ಹೇರು ಇವು ತಡಕೋತಾವ ಅಂತ ಬರೀತೀನ್ರಿ."

ನನಗೆ ಗೆದ್ದಷ್ಟು ಖುಷಿ. ಕಾಲು ಮಾತ್ರ ಸಿಡಿಯುತ್ತಲೇ ಇತ್ತು.

ಅವಳು ಹೊರಡುವ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿದಳು. "ಉಣ್ಣಾಗ ಮಂದಿ ನೋಡಿದ್ರ ನೆದರ ತಾಗತೈತಿ," ಎನ್ನುತ್ತಾ ಗೋಡೆಯತ್ತ ಮುಖ ಮಾಡಿ ಕೂತಳು. ಇಷ್ಟು ದಿನ ನನ್ನನ್ನು ದಿಟ್ಟಿಸಿದವಳಿಗೆ ತನ್ನನ್ನು ಯಾರೂ ನೋಡಬಾರದಂತೆ. ಹುಲಗಪ್ಪ ಮುಖಕ್ಕೆ ಟವೆಲ್ಲು ಹಾಕಿಕೊಂಡು ಕಟ್ಟೆಯ ಮೇಲೆ ಮಲಗಿದ್ದ. ನಾನು ನೆರಳಿಗೆ ಹೋಗೋಣವೆಂದು ಹಾಸುಗಲ್ಲಿನ ಮೇಲೆ ಮನಸಾರೆ ಕುಂಟುತ್ತಾ ಹೊರಟೆ.

ಅವಳು ಅಗಿಯುವುದನ್ನು ನಿಲ್ಲಿಸಿದಳು. ತಿರುಗಿ ನೋಡಲಿಲ್ಲವಲ್ಲ ಎಂದು ನಾನು ಮುಂದುವರಿದೆ.

"ಕಾಕಾ, ಏಳ್ರಿ," ಎಂದಳು ಗೋಡೆ ನೋಡುತ್ತಲೇ. "ಇದರ ಒಂದು ಕಾಲು ಸಪ್ಪಳ ಮಾಡವಲ್ದು."

ನನ್ನ ಕಿವಿ ಇಷ್ಟುದ್ದ. ಮನುಷ್ಯರಿಗೂ ಕಿವಿ ಇರುತ್ತದೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಹುಲಗಪ್ಪ ಬಗ್ಗಿ ಕಾಲು ನೋಡಿದ. ಸಂತೆಯ ದಾರಿ ನನ್ನ ಕಣ್ಣ ಮುಂದೆ ಬಂತು.

"ಹೇಳಬಾರದೇನಲೇ ಮಗನ," ಎಂದ. ಗೊರಸನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತ.

ತಬಸ್ಸುಮ್ ಗೊರಸು ಕೊರೆದು ಕೀವು ತೆಗೆದಳು. ನಾನು ಗಾಬರಿಯಲ್ಲಿ ಅವಳ ಬುತ್ತಿಯನ್ನೇ ಒದ್ದು ಚೆಲ್ಲಿದೆ. ಗಾಯ ಮಾಯುವವರೆಗೂ ಹುಲಗಪ್ಪ ನನ್ನ ಬೆನ್ನಿಗೆ ಹೇರು ಹಾಕಲಿಲ್ಲ. ಅದನ್ನು ನಂಬುವುದಕ್ಕೂ ನನಗೆ ಬಹಳ ದಿನ ಬೇಕಾಯಿತು.

ಈಗ ನಾನು ಮುದುಕ, ಅವನ ಹಿತ್ತಲಲ್ಲೇ ಇದ್ದೇನೆ. ತಬಸ್ಸುಮ್ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ ಆಗಿದ್ದಾಳೆ, ಆಗಾಗ ವಿದ್ಯಾರ್ಥಿಗಳನ್ನು ಕರೆತರುತ್ತಾಳೆ. ಅವರು ನನ್ನನ್ನು ನೋಡಿ "ಶಾಂತ" ಎನ್ನುತ್ತಾರೆ. "ಬೆನ್ನ ಮಾಡಿ ಕುಂದರ್ರಿ, ಊಟ ಮಾಡ್ರಿ," ಎನ್ನುತ್ತಾಳೆ ಅವಳು.

ಆ ಬೆನ್ನುಗಳ ಮೇಲೂ ನನಗೆ ಅನುಮಾನವಿದೆ. ಆದರೆ ಕಾಲು ನೋಯುವ ದಿನ ಮೆತ್ತನೆಯ ಮಣ್ಣು ಬಿಟ್ಟು, ಬೇಕೆಂದೇ ಹಾಸುಗಲ್ಲಿನ ಮೇಲೆ ನಡೆಯುತ್ತೇನೆ.