ಹತ್ತನೆಯವನು

"ಸ್ವಲ್ಪ ಕತ್ತು ಎತ್ತಿ ಯೆಹಿಯೆಲ್, ಬ್ಲೇಡು ತಾಗ್ಬಿಟ್ಟೀತು," ಎಂದು ಶವಸಂಸ್ಕಾರ ನಡೆಸಲು ಬಂದ ಜಲ್ಮನ್ ಅವನ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಕಚ್ಚು ಹಾಕಿದ. ಶೋಕದ ಕ್ರಮದಂತೆ ಉಳಿದದ್ದನ್ನು ಹೆಂಡತಿ ಸತ್ತವನೇ ಕೈಯಾರೆ ಹರಿದುಕೊಳ್ಳಬೇಕು. ಯೆಹಿಯೆಲ್ ಹರಿದುಕೊಳ್ಳಲಿಲ್ಲ. ಅವನ ಕಣ್ಣು ಸ್ಮಶಾನದ ಗೇಟಿನ ಮೇಲಿತ್ತು. ಮಗಳು ತಿರ್ಜಾ ತಿರುಗಿ ನೋಡಿದಳು. ಟ್ಯಾಕ್ಸಿಯಿಂದ ನಹೂಮ್ ಶರೋಣಿ ಇಳಿಯುತ್ತಿದ್ದ. ಎಂಬತ್ತು ದಾಟಿದ ಕಾದಂಬರಿಕಾರ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಡಿಸಿದ ಕಾಗದ.

"ಈ ನನ್ಮಗ ಯಾಕೆ ಬಂದ ಇಲ್ಲಿಗೆ?"

"ಅಪ್ಪ, ಮೆಲ್ಲಗೆ."

"ಯಾಕೆ ಮೆಲ್ಲಗೆ? ನಿಮ್ಮಮ್ಮಂಗೆ ಎಚ್ಚರ ಆಗತ್ತಾ?" ಎಂದವನೇ ಅಪ್ಪ ಅಂಗಿಯನ್ನು ಎದೆಯವರೆಗೂ ಪರ್‍ರನೆ ಹರಿದುಕೊಂಡ. ಜಲ್ಮನ್ ಬೆಚ್ಚಿ ಹಿಂದೆ ಸರಿದ. ಅಷ್ಟು ಹರಿಯಬೇಕಾಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ. ಸೂರ್ಯ ಮುಳುಗಿ ಸಬ್ಬತ್ತಿನ ವಿಶ್ರಾಂತಿ ಶುರುವಾಗುವ ಮೊದಲು ಮಣ್ಣು ಮುಗಿಯಬೇಕು ಎಂಬ ಅವಸರ ಹೈಫಾದ ಆ ಕಡಲಂಚಿನ ಸ್ಮಶಾನದಲ್ಲಿ ಎಲ್ಲರ ಮುಖದ ಮೇಲೂ ಇತ್ತು. ಬೆಳಗ್ಗೆ ಹೋದ ಜೀವ. ಸುದ್ದಿ ಮುಟ್ಟಿದವರು ಕಮ್ಮಿ, ಬಂದವರು ಇನ್ನೂ ಕಮ್ಮಿ. ಸಭಾಂಗಣದ ನಡುವೆ, ಬಿಳಿ ಬಟ್ಟೆ ಸುತ್ತಿದ ಅಮ್ಮ ಚಟ್ಟದ ಮೇಲೆ ಮಲಗಿದ್ದಳು. ಎಷ್ಟು ಚಿಕ್ಕವಳಾಗಿಬಿಟ್ಟಿದ್ದಾಳೆ ಎಂದುಕೊಂಡಳು ತಿರ್ಜಾ.

ಯಾರನ್ನೂ ಕೇಳದೆ ಶರೋಣಿ ಮುಂದೆ ಬಂದು ನಿಂತ. ಅಷ್ಟು ದೊಡ್ಡ ಹೆಸರಿನವನನ್ನು ತಡೆಯುವವರು ಯಾರು? ಕಾಗದ ಬಿಡಿಸಿದ.

"ದ್ವೋರಾ ಇಲ್ಲದೆ ಹೋಗಿದ್ದರೆ ನಮ್ಮ ಹೀಬ್ರೂ ಈ ಕಡಲನ್ನು ದಾಟುತ್ತಿರಲಿಲ್ಲ. ಓಸ್ಲೋದಲ್ಲಿ, ಸಿಯೋಲ್‌ನಲ್ಲಿ ನನ್ನನ್ನು ಓದಿದವರೆಲ್ಲ ಮೊದಲು ಇವಳನ್ನು ಓದಿದವರು. ತಪ್ಪು ಮಾಡಲಿಲ್ಲವೇ? ಮಾಡಿದಳು. ಪ್ರೀತಿಯಿಂದ ಮಾಡಿದ ತಪ್ಪು. ಆ ಕೊನೆಯ ಪುಟಕ್ಕಾಗಿ ನಾನು ಇವಳನ್ನು ಎಂದೋ ಕ್ಷಮಿಸಿದ್ದೇನೆ."

"ಎಷ್ಟು ದೊಡ್ಡ ಮನಸ್ಸು ನೋಡೇ," ಎಂದಳು ಹಿಂದೆ ನಿಂತ ಒಬ್ಬಾಕೆ, ಪಕ್ಕದವಳ ಕಿವಿಯಲ್ಲಿ.

ತಿರ್ಜಾಳ ಮೈಯೆಲ್ಲ ಉರಿದುಹೋಯಿತು.

*

ದ್ವೋರಾ ಇಂಗ್ಲೆಂಡಿನ ಲೀಡ್ಸ್‌ನಿಂದ ಚಿಕ್ಕ ವಯಸ್ಸಿನಲ್ಲೇ ಬಂದವಳು. ಹೈಫಾದ ಬಸ್ ಡ್ರೈವರನನ್ನು ಕಟ್ಟಿಕೊಂಡಳು. ಹೀಬ್ರೂ ಕಾದಂಬರಿಗಳನ್ನು ಇಂಗ್ಲಿಷಿಗೆ ತರುವ ಕೆಲಸವನ್ನೂ ಅವನ ಬಸ್ಸಿನಲ್ಲೇ ಮಾಡುತ್ತಿದ್ದಳು. ಡ್ರೈವರ್ ಸೀಟಿನ ಹಿಂದೆ ಕೂತು, ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತೂ ಜನ ಬೈಯುವುದನ್ನು, ಚೌಕಾಸಿ ಮಾಡುವುದನ್ನು ಕೇಳಿಸಿಕೊಳ್ಳುತ್ತ ತುಟಿಯಲ್ಲೇ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. "ನಿಮ್ಮ ಹೆಂಡ್ತಿಗೆ ಏನಾದ್ರೂ ಮೆಟ್ಕೊಂಡಿದೆಯಾ?" ಎಂದು ಪ್ರಯಾಣಿಕರು ಕೇಳಿದರೆ, "ಹ್ಞೂಂ, ಕಾದಂಬರಿ ಮೆಟ್ಕೊಂಡಿದೆ" ಎನ್ನುತ್ತಿದ್ದ ಯೆಹಿಯೆಲ್.

ಶರೋಣಿಯ ದೊಡ್ಡ ಕಾದಂಬರಿಯ ಕೊನೆಯಲ್ಲಿ, ಯುದ್ಧ ಬಿಟ್ಟು ಓಡಿಬಂದ ಮಗ ಮನೆಯ ಬಾಗಿಲು ತಟ್ಟುತ್ತಾನೆ. ತಾಯಿ ಒಳಗೆ ಕೂತೇ ಇರುತ್ತಾಳೆ, ಏಳುವುದಿಲ್ಲ. ತಿರ್ಜಾ ಹೈಸ್ಕೂಲಿನಲ್ಲಿದ್ದಾಗ, ಆ ಪುಟಕ್ಕಾಗಿ ಅವರ ಅಡುಗೆಮನೆಯ ಮೇಜಿನ ಮೇಲೆ ಜಗಳವೇ ಆಗಿಹೋಯಿತು.

"ಅವಳು ಎದ್ದು ಬಾಗಿಲು ತೆಗೀಲಿ, ದ್ವೋರಾ. ಹೊರಗಿನ ಜನಕ್ಕೆ ಇದನ್ನ ತಡ್ಕೊಳ್ಳೋಕಾಗಲ್ಲ," ಎಂದ ಶರೋಣಿ.

"ತಡ್ಕೊಳ್ದೇ ಇರ್ಲಿ! ನೀನು ಬರ್ದಿರೋದು ಅದು. ಅವಳು ಏಳಲ್ಲ."

"ಬರ್ದೋನು ನಾನು. ನಾನೇ ಹೇಳ್ತಿದೀನಲ್ಲ."

"ಹಾಗಾದ್ರೆ ಹೀಬ್ರೂನಲ್ಲೂ ತಿದ್ದು."

"ಇಲ್ಲಿ ಆಗಲ್ಲ ಕಣೆ. ಯುದ್ಧ ಬಿಟ್ಟು ಓಡಿದೋನಿಗೆ ಬಾಗಿಲು ತೆಗೆದ್ರೆ ಇಲ್ಲಿ ನನ್ನ ಮಾನ ಹೋಗತ್ತೆ."

ತಿರ್ಜಾ ಸೌತೆಕಾಯಿ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಅಮ್ಮ ಬೈದಳು, ಅತ್ತಳು, ಕೊನೆಗೆ ಬರೆದುಕೊಟ್ಟಳು. ಶರೋಣಿ ಆ ಇಂಗ್ಲಿಷನ್ನು ಸಾಲು ಬಿಡದೆ ಓದಿ, ಒಂದು ಕಡೆ ಪದವನ್ನೂ ಬದಲಿಸಿ, "ಈಗ ಸರಿಹೋಯ್ತು" ಎಂದ. ಮಿಕ್ಕ ದೇಶದವರೆಲ್ಲ ಆ ಇಂಗ್ಲಿಷಿನಿಂದಲೇ ತಮ್ಮ ತಮ್ಮ ಭಾಷೆಗೆ ಮಾಡಿಕೊಂಡರು. ಹೀಗಾಗಿ ಜಗತ್ತಿನ ಎಲ್ಲ ಭಾಷೆಗಳಲ್ಲೂ ಆ ತಾಯಿ ಎದ್ದು ಬಾಗಿಲು ತೆಗೆಯುತ್ತಾಳೆ. ಹೀಬ್ರೂವಿನಲ್ಲಿ ಮಾತ್ರ ಕೂತೇ ಇದ್ದಾಳೆ.

ಎಷ್ಟೋ ವರ್ಷಗಳ ಮೇಲೆ ಯಾರೋ ಪ್ರೊಫೆಸರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಪತ್ರಿಕೆಗಳು ಅಮ್ಮನನ್ನು ಹರಿದು ಮುಕ್ಕಿದವು. "ನನಗೆ ಇಂಗ್ಲಿಷ್ ಓದಲು ಬಾರದು. ನಂಬಿ ಕೊಟ್ಟಿದ್ದೆ," ಎಂದ ಶರೋಣಿ. ಅಷ್ಟೇ. ಹೀಬ್ರೂ ಪುಸ್ತಕಗಳನ್ನು ಹೊರದೇಶದ ಪ್ರಕಾಶಕರಿಗೆ ಒಪ್ಪಿಸುತ್ತಿದ್ದ ಗೆರ್ಶೋನನ ಫೋನು ಬರುವುದು ನಿಂತುಹೋಯಿತು, ಅದರೊಂದಿಗೆ ಕೆಲಸವೂ. ಕೊನೆಕೊನೆಗೆ ಅಮ್ಮ ಅನುವಾದಿಸಿದ್ದು ಕೆಮ್ಮಿನ ಔಷಧಿಯ ಚೀಟಿಗಳನ್ನು.

"ನಿಜ ಹೇಳ್ಬಿಡಮ್ಮ," ಎಂದು ತಿರ್ಜಾ ಎಷ್ಟು ಸಲ ಗೋಗರೆದಿದ್ದಳೋ.

"ಅವನು ಹೇಳಿಲ್ವಲ್ಲ. ಮೂಲದಲ್ಲಿ ಇಲ್ಲದ್ದನ್ನ ನಾನು ಹೇಳಲ್ಲ," ಎನ್ನುತ್ತಿದ್ದಳು ಅಮ್ಮ. ಆಮೇಲೆ ಕಿಸಕ್ಕನೆ ನಗುತ್ತಿದ್ದಳು. "ಒಂದು ಸಲ ಹೇಳಿದ್ದಕ್ಕೇ ಇಷ್ಟಾಯ್ತು."

*

ಮಣ್ಣು ತುಂಬಿದ್ದಾಯಿತು. ಅಪ್ಪ ಪ್ರಾರ್ಥನೆ ಹೇಳಿ ಮುಗಿಸಿ, ಯಾರ ಮುಖವನ್ನೂ ನೋಡದೆ ಹೋಗಿ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ಜಲ್ಮನ್ ಗೋರಿಯ ತಲೆದಿಸೆಯಲ್ಲಿ ನಿಂತು, ಮಣ್ಣು ಮಾಡುವವರ ಪರವಾಗಿ ಹೇಳಬೇಕಾದ್ದನ್ನು ಹೇಳಿದ. "ದ್ವೋರಾ, ನಿನ್ನನ್ನು ತೊಳೆಯುವಾಗ, ಹೊರುವಾಗ ನಮ್ಮಿಂದ ಏನಾದರೂ ಕುಂದಾಗಿದ್ದರೆ ಕ್ಷಮಿಸು."

ಬದುಕಿದ್ದಾಗ ಅವಳ ಮುಖವನ್ನೇ ಕಾಣದವನು ಹೀಗೆ ಕ್ಷಮೆ ಕೇಳುತ್ತಿದ್ದಾನೆ. ತಿರ್ಜಾಳಿಗೆ ಇನ್ನು ತಡೆಯಲಾಗಲಿಲ್ಲ. ನೆಟ್ಟಗೆ ಶರೋಣಿಯ ಎದುರಿಗೆ ಹೋಗಿ ನಿಂತಳು.

"ಕ್ಷಮಿಸಿದ್ದೀನಿ ಅಂದ್ರಲ್ಲ, ಯಾವ ತಪ್ಪನ್ನ?"

"ತಿರ್ಜಾ, ಇಲ್ಲಿ ಬೇಡಮ್ಮ."

"ಇಲ್ಲೇ ಬೇಕು. ಅಮ್ಮ ಇನ್ನೆಲ್ಲಿ ಸಿಗ್ತಾಳೆ ನಿಮಗೆ? ನಾನು ಅಡುಗೆಮನೇಲೇ ಇದ್ದೆ. ಮರ್ತುಹೋಯ್ತಾ? ನೀವು ಇಂಗ್ಲಿಷ್ ಓದಿದ್ದನ್ನ ಈ ಎರಡು ಕಣ್ಣಲ್ಲಿ ನೋಡಿದೀನಿ."

ಹೊರಡುತ್ತಿದ್ದವರು ನಿಂತರು. ಗೆರ್ಶೋನ್ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದ. ಶರೋಣಿ ಕೈಯಲ್ಲಿದ್ದ ಕಾಗದವನ್ನು ಮತ್ತೆ ಮಡಿಸಿದ. ಒಂದು ಗಳಿಗೆ ಅವನ ಬಾಯಿ ಇನ್ನೇನು ತೆರೆಯಿತು ಅನ್ನಿಸಿತು. ಆದರೆ ಜೀವನವಿಡೀ ಮಾತಿನಲ್ಲೇ ನುಸುಳಿದ ಮನುಷ್ಯ. ಅವನಿಗೆ ದಾರಿ ಸಿಕ್ಕೇ ಸಿಕ್ಕಿತು.

"ಸತ್ತವರ ಹತ್ರ ಕ್ಷಮೆ ಕೇಳೋಕೆ ಒಂದು ಕ್ರಮ ಇದೆ. ಗೋರಿ ಮುಂದೆ ಹತ್ತು ಜನ ಗಂಡಸರು ನಿಲ್ಲಬೇಕು. ಹೌದೋ ಅಲ್ವೋ ಜಲ್ಮನ್?"

"ಹೌದು," ಎಂದ ಜಲ್ಮನ್. ಕ್ರಮ ಬಿಟ್ಟು ಕದಲದ ಆಸಾಮಿ. ಬೆರಳು ತೋರಿಸಿ ಎಣಿಸಿದ. "ಇವರನ್ನ ಬಿಟ್ರೆ ಒಂಬತ್ತು."

"ನೋಡಿದ್ಯಾ," ಎಂದ ಶರೋಣಿ. ಹೋದ ಕಳೆ ಅವನ ಮುಖಕ್ಕೆ ತಿರುಗಿ ಬಂದಿತ್ತು. "ಇನ್ನೊಂದು ದಿನ ಬರ್ತೀನಿ."

"ಯಾರೂ ಕದಲಬೇಡಿ," ಎಂದು ಕೂಗಿ ತಿರ್ಜಾ ಗೇಟಿನತ್ತ ಓಡಿದಳು. ಓಡುತ್ತಲೇ ಹಿಂದೆ ನೋಡಿದಳು. ಒಬ್ಬ ಆಗಲೇ ಸೂರ್ಯನನ್ನು ನೋಡುತ್ತಿದ್ದ.

"ಅಪ್ಪ, ಏಳು. ಒಬ್ಬರು ಕಮ್ಮಿ ಇದಾರೆ. ಅವನು ಒಪ್ಕೋಬೇಕಾದ್ರೆ ನೀನು ಬಂದು ನಿಲ್ಲಬೇಕು."

"ಅವನಿಗೆ ರಾತ್ರಿ ನಿದ್ದೆ ಬರ್ಲಿ ಅಂತ ನಾನು ನಿಲ್ಲಬೇಕಾ? ಹೋಗೇ. ಹೊತ್ಕೊಂಡೇ ಸಾಯ್ಲಿ."

"ಅವನಿಗಲ್ಲಪ್ಪ! ಗೆರ್ಶೋನ್ ಅಲ್ಲೇ ನಿಂತಿದಾನೆ, ಅವನ ಕಿವಿಗೆ ಬೀಳಬೇಕು. ಇವತ್ತು ಬಿಟ್ರೆ ಅಮ್ಮ ಪುಸ್ತಕ ಕೆಡಿಸಿದೋಳು ಅಂತಲೇ ಉಳೀತಾಳೆ. ಆ ಕೊನೇ ಪುಟ ಅಂದ್ರೆ ಸಾಕು, ಎಲ್ರೂ ಅವಳ ಹೆಸರು ಎತ್ತಿ ಉಗೀತಾರೆ. ನಿನಗೆ ಅದಾಗ್ಬೇಕಾ?"

ಅಪ್ಪ ಅವಳನ್ನೇ ನೋಡಿದ. ಹರಿದ ಅಂಗಿಯೊಳಗೆ ಎದೆ ಏರಿ ಇಳಿಯುತ್ತಿತ್ತು. ಬೆಂಚಿಗೆ ಕೈಯೂರಿ ಎದ್ದ.

ಅಪ್ಪ ನಡೆದು ಬರುವುದನ್ನು ನೋಡುತ್ತಿದ್ದ ಹಾಗೆಯೇ ಶರೋಣಿಯ ಮುಖ ಬಿಳುಚಿಕೊಂಡಿತು. ಅಪ್ಪ ಒಂಬತ್ತು ಜನರ ಸಾಲಿನ ತುದಿಗೆ ಹೋಗಿ ನಿಂತ.

"ಹತ್ತಾಯ್ತು," ಎಂದ ಜಲ್ಮನ್. "ಬೂಟು ಬಿಚ್ಚಿ. ಏನು ಮಾಡಿದ್ರಿ ಅನ್ನೋದನ್ನ ಬಿಡಿಸಿ ಹೇಳ್ಬೇಕು."

ಶರೋಣಿ ಬಗ್ಗಿ ಬೂಟು ಬಿಚ್ಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ. ಯಾರೂ ಸಹಾಯಕ್ಕೆ ಹೋಗಲಿಲ್ಲ. ಮಣ್ಣಿನ ಮೇಲೆ ನಿಂತಾಗ ಅವನ ಕಾಲ್ಚೀಲದ ಹೆಬ್ಬೆರಳಲ್ಲಿ ತೂತಿತ್ತು.

"ದೇವರಿಗೂ ಈ ದ್ವೋರಾಳಿಗೂ ನಾನು ತಪ್ಪು ಮಾಡಿದ್ದೇನೆ..." ಎಂದು ನಿಲ್ಲಿಸಿದ.

"ಏನು ತಪ್ಪು?" ಎಂದಳು ತಿರ್ಜಾ.

"ಬಾಗಿಲು... ಬಾಗಿಲು ತೆಗೆಸು ಅಂದೋನು ನಾನು. ಅವಳು ಬೇಡ ಬೇಡ ಅಂದ್ಲು. ನಾನೇ ಬರೆಸಿದೆ, ಓದಿದೆ, ಒಪ್ಪಿದೆ. ಆಮೇಲೆ ಗೊತ್ತಿಲ್ಲ ಅಂದೆ." ಅವನ ದನಿ ಒಡೆದುಹೋಯಿತು. "ಅವಳು ಎದ್ದು ನಿಂತು ಹೇಳ್ತಾಳೆ, ಆಗ ಒಪ್ಕೊಂಡ್ಬಿಡೋಣ ಅಂತ ಕಾದೆ. ಅವಳು ಹೇಳ್ಲೇ ಇಲ್ಲ."

ಗೆರ್ಶೋನ್ ಕನ್ನಡಕ ತೆಗೆದ. "ನಹೂಮ್, ನಾನು ನಿನ್ನ ಮನೆಗೆ ಬಂದು ಕೇಳಿದ್ನಲ್ಲೋ! ಗೊತ್ತಿಲ್ಲ ಅಂತ ಆಣೆ ಮಾಡಿ ಹೇಳ್ದೆ ನೀನು. ಅವಳ ಕೈಯಿಂದ ಕೆಲಸ ಕಿತ್ಕೊಂಡೋನು ನಾನು."

ಗೆರ್ಶೋನ್ ಕೈಯಲ್ಲಿ ಮುಖ ಒರೆಸಿಕೊಂಡ. ಇನ್ನು ಈ ನಿಜವನ್ನು ಯಾರೂ ಮುಚ್ಚಿಡಲಾರರು ಎಂದು ತಿರ್ಜಾಳಿಗೆ ಗೊತ್ತಾಯಿತು. ಬೆಳಗ್ಗಿನಿಂದ ಬಾರದ ಅಳು ಈಗ ಉಕ್ಕಿ ಬಂತು.

"ಈಗ ಹತ್ತೂ ಜನ 'ನಿನಗೆ ಕ್ಷಮೆಯಿದೆ' ಅಂತ ಮೂರು ಸಲ ಹೇಳಬೇಕು," ಎಂದ ಜಲ್ಮನ್, ಸೂರ್ಯನ ಕಡೆ ನೋಡುತ್ತ.

"ನಿನಗೆ ಕ್ಷಮೆಯಿದೆ," ಎಂದರು. ಗೊಣಗಿದವರು ಕೆಲವರು, ಅಳುತ್ತ ಹೇಳಿದವನು ಗೆರ್ಶೋನ್. ಅಪ್ಪನ ತುಟಿ ಅಲುಗಲಿಲ್ಲ.

"ಯೆಹಿಯೆಲ್," ಎಂದ ಜಲ್ಮನ್ ಮೆತ್ತಗೆ, "ನೀವೂ ಹೇಳಬೇಕು. ಇಲ್ದಿದ್ರೆ ಹತ್ತಾಗಲ್ಲ."

"ಕೇಳಿಸ್ಕೊಳ್ಳೋಕೆ ಬಂದಿದ್ದೆ. ಕೇಳಿಸ್ಕೊಂಡೆ," ಎಂದ ಅಪ್ಪ.

ಸಾಲು ಬಿಟ್ಟು ಹೊರಗೆ ಬಂದ. ಒಂಬತ್ತು ಜನ ಏನು ಮಾಡಬೇಕೆಂದು ತಿಳಿಯದೆ ನಿಂತಲ್ಲೇ ನಿಂತರು. ಶರೋಣಿ ಹಸಿಮಣ್ಣಿನ ಮೇಲೆ ತಲೆ ತಗ್ಗಿಸಿ ಕಾಯುತ್ತಲೇ ಇದ್ದ. ಅವರ ಹಿಂದೆ, ಗೇಟಿನ ಹತ್ತಿರ, ಮನೆಗೆ ಹೊರಡುವ ಮುಂಚೆ ಅಪ್ಪ ತಂಬಿಗೆಯಿಂದ ಕೈಮೇಲೆ ನೀರು ಸುರಿದುಕೊಳ್ಳುತ್ತಿದ್ದ ಸದ್ದು ಕೇಳಿಸುತ್ತಿತ್ತು.