ಬಾರದವರ ಕಟ್ಟೆ

ನಾಲ್ಕು ಮಂದಿ ಗಾದಿಲಿಂಗಪ್ಪನ ಹೆಣವನ್ನು ಎತ್ತಿಕೊಂಡು ಮನೆಯೆದುರಿನ ಕಲ್ಲುಕಟ್ಟೆಯ ಕಡೆಗೆ ಹೆಜ್ಜೆ ಇಟ್ಟರೋ ಇಲ್ಲವೋ, ಹೆಂಡತಿ ಕೊಟ್ರಮ್ಮ ಅಡ್ಡ ಬಂದು ನಿಂತಳು.

“ಅಲ್ಲಿ ಬ್ಯಾಡ. ಹೊಸ್ತಿಲ ಮುಂದ ಕೂಡ್ರಸ್ರಿ.”

ಬಳ್ಳಾರಿಯಿಂದ ಬಂದಿದ್ದ ಚಿದಾನಂದಪ್ಪನವರಿಗೆ ಕಸಿವಿಸಿಯಾಯಿತು. ಗಾಂಧೀಜಿ ಕಾಲಿಟ್ಟ ಜಾಗಗಳಿಗೆಲ್ಲ ಕಲ್ಲು ನೆಡಿಸುವ ಹುರುಪು ಅವರದು. ‘ಮಹಾತ್ಮರು ಇಲ್ಲಿ ಕುಳಿತಿದ್ದರು’ ಎಂದು ಕೆತ್ತಿಸಿದ ಕಲ್ಲನ್ನು ಮೋಟಾರಿನಲ್ಲಿ ಹಾಕಿಕೊಂಡು ಕುರುಗೋಡಿಗೆ ಬಂದ ದಿನವೇ ಸಾವು ಎದುರಾಗಿತ್ತು. ಗಾಂಧೀಜಿ ಕೂತ ಕಟ್ಟೆಯ ಮೇಲೆ ಕೂಡಿಸಿ ಕಳಿಸುವುದಕ್ಕಿಂತ ದೊಡ್ಡ ಮರ್ಯಾದೆ ಏನಿದೆ, ಆಮೇಲೆ ಸುತ್ತ ಬೇಲಿ ಹಾಕಿಸಿ ಯಾರೂ ಹತ್ತದಂತೆ ಕಾಯೋಣ ಎಂದರು. ಊರ ಹಿರಿಯರೂ ತಲೆ ಆಡಿಸಿದರು.

“ಗಾಂಧಿ ತಾತ ಬರ್ಲೇ ಇಲ್ರಿ,” ಅಂದಳು ಕೊಟ್ರಮ್ಮ. “ನಮ್ಮ ಮನಿಯವ್ರು ಎಷ್ಟು ಸಲ ಹೇಳ್ಯಾರ. ನೀವು ನಕ್ಕು ಕೈ ಮುಗೀತಿದ್ರಿ.”

ಅದೂ ನಿಜವೇ. ಬರಲಿಲ್ಲ ಎಂದು ಹೇಳಿದಷ್ಟೂ ಜನ ಅದನ್ನು ಅವನ ದೊಡ್ಡತನ ಎಂದುಕೊಂಡಿದ್ದರು.

*

ಗಾಂಧೀಜಿ ಬಳ್ಳಾರಿಗೆ ಬಂದ ವರ್ಷ, ಅವರ ಮೋಟಾರು ಕುರುಗೋಡಿನ ಮೇಲೆ ಹಾಯುತ್ತದೆಂಬ ಗಾಳಿಸುದ್ದಿ ಹಬ್ಬಿತು. ಗಾದಿಲಿಂಗಪ್ಪ ಮತ್ತು ಅವನ ಹೊಲದಲ್ಲಿ ದುಡಿಯುತ್ತಿದ್ದ ಹುಲುಗಪ್ಪ ಗುಡ್ಡದಿಂದ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿದರು. ಹುಲುಗಪ್ಪ ಊರ ಹೊರಗಿನ ಕೇರಿಯವನು. ಕಲ್ಲು ಹೊರಬಹುದು, ಕಟ್ಟೆ ಹತ್ತುವಂತಿಲ್ಲ. ಸಂಜೆಯವರೆಗೂ ಕಾದರು, ಮೋಟಾರು ಬರಲಿಲ್ಲ. ಇವತ್ತಲ್ಲ ನಾಳೆ ಬಂದಾರೆಂಬ ಹುಚ್ಚು ಆಸೆಗೆ ಗಾದಿಲಿಂಗಪ್ಪ ಅಲ್ಲಿ ಯಾರನ್ನೂ ಕೂಡಿಸಲಿಲ್ಲ, ತಾನೂ ಕೂಡಲಿಲ್ಲ.

ನಲವತ್ತೆಂಟರಲ್ಲಿ ಗುಂಡಿನ ಸುದ್ದಿ ಬಂತು. ಗಾದಿಲಿಂಗಪ್ಪ ರಾತ್ರಿಯೆಲ್ಲ ಅತ್ತ. ಬೆಳಿಗ್ಗೆ ಎದ್ದು ಕಟ್ಟೆ ತೊಳೆದು, ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ ಹುಲುಗಪ್ಪನ ರಟ್ಟೆ ಹಿಡಿದ.

“ಏಳಲೇ, ಮ್ಯಾಲ ಕುಂದ್ರು. ಇನ್ನ ಯಾರಿಗೆ ಕಾಯೋದು?”

ತಾನು ಹೊಸ್ತಿಲ ಮುಂದೆ ನೆಲದ ಮೇಲೆ ಕೂತ. ಅಂದಿನಿಂದ ದಿನಾ ಸಂಜೆ ಇಬ್ಬರೂ ಹಾಗೆಯೇ ಎದುರುಬದುರು. ನೆಂಟರು ಆ ಮನೆಯ ನೀರು ಮುಟ್ಟುವುದನ್ನು ಬಿಟ್ಟರು, ಮನುಷ್ಯ ಜಗ್ಗಲಿಲ್ಲ. ಎಂಥ ಗಟ್ಟಿ ಜೀವ!

*

ಕೊಟ್ರಮ್ಮ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಹೆಣವನ್ನು ಹೊಸ್ತಿಲ ಮುಂದೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಹುಲುಗಪ್ಪ ದೂರ ಬೇವಿನ ಮರದ ಕೆಳಗೆ ನಿಂತಿದ್ದ. ಹಿರಿಯರೆಲ್ಲ ನೆರೆದಿದ್ದರು; ಹತ್ತಿರ ಬರಲು ಅವನಿಗೆ ಧೈರ್ಯವಾಗಿರಲಿಲ್ಲ. ಬೇಲಿ ಹಾಕಿದರೆ ತನಗಿನ್ನು ಆ ಕಟ್ಟೆಯೂ ಇಲ್ಲ ಎಂಬುದು ಅವನಿಗೂ ತಿಳಿದಿತ್ತು.

“ಬಾರಪ್ಪ ಹುಲುಗಪ್ಪ,” ಕೊಟ್ರಮ್ಮ ಕರೆದಳು. “ನಿನ್ನ ಜಾಗ ಖಾಲಿ ಐತಿ.”

ಮೊದಲು ಸರಿದು ದಾರಿ ಬಿಟ್ಟವರು ಚಿದಾನಂದಪ್ಪನವರೇ. ಅವರ ಕಲ್ಲು ಮೋಟಾರಿನಲ್ಲೇ ಉಳಿಯಿತು.

ಹುಲುಗಪ್ಪ ಚಪ್ಪಲಿ ಬಿಟ್ಟು, ಕಟ್ಟೆ ಹತ್ತಿ ಕೂತ. “ಬಂದೀನ್ರಿ,” ಎಂದ.

ಎದುರಿಗೆ, ಹೊಸ್ತಿಲ ಮುಂದೆ, ದಿನದಂತೆ ಗಾದಿಲಿಂಗಪ್ಪ ಕೂತಿದ್ದ.